ಧನರಾಜ್ ಪಿಳ್ಳೈ ಅಥೆನ್ಸ್‌ಗೆ ಹೋಗಬಾರದಿತ್ತಾ? ಹಾಕಿ ನೋಡಿದವರು ಹೇಳಿ

ಒಂಟಿಕೊಪ್ಪಲ್ ಹುಡುಗ, ಮೈಸೂರು

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಒಂದು ವಾದ ಎದ್ದಿದೆ, ಮುಗಿಯುವ ಲಕ್ಷಣ ಕಾಣುತ್ತಿಲ್ಲ, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ. ಅಕ್ಕನ ಮಗ ಬೇಸಿಗೆ ಕ್ಯಾಂಪ್‌ನಲ್ಲಿ ಹಾಕಿ ಕಲಿಯೋಕೆ ಶುರು ಮಾಡಿದ್ದಾನೆ. ತಾತ, ನೀವು ನೋಡಿದವರಲ್ಲಿ ಬೆಸ್ಟ್ ಪ್ಲೇಯರ್ ಯಾರು ಅಂತ ಕೇಳಿದ. ಅಪ್ಪ ಒಂದು ಕ್ಷಣವೂ ಯೋಚಿಸದೆ ಧನರಾಜ್ ಪಿಳ್ಳೈ ಅಂದರು. ಎಷ್ಟು ಗೋಲು ಹೊಡೆದಿದ್ದಾರೆ, ಒಲಿಂಪಿಕ್ಸ್‌ನಲ್ಲಿ ಎಷ್ಟು ಮೆಡಲ್ ಅಂತ ಮುಂದಿನ ಪ್ರಶ್ನೆ. ಗೋಲಿನ ಲೆಕ್ಕ ಹುಡುಕಿದರೆ ಪಕ್ಕಾ ಸಂಖ್ಯೆ ಸಿಗಲಿಲ್ಲ. ಒಲಿಂಪಿಕ್ ಮೆಡಲ್ ಸೊನ್ನೆ. ಈಗಿನ ಮಕ್ಕಳು ಗೊತ್ತಲ್ಲ, ನಂಬರ್ ಇಲ್ಲ ಅಂದರೆ ಅವರ ಲೆಕ್ಕದಲ್ಲಿ ಆಟಗಾರನೇ ಅಲ್ಲ.

ಆಮೇಲೆ ಅಪ್ಪನೇ ಇನ್ನೊಂದು ಮಾತು ಸೇರಿಸಿದರು, ಜಗಳ ಹತ್ತಿಕೊಂಡಿದ್ದು ಅಲ್ಲಿಂದ. ಧನರಾಜ್ 2002ಕ್ಕೇ ನಿಲ್ಲಿಸಬೇಕಿತ್ತಂತೆ. 36ನೇ ವಯಸ್ಸಿನಲ್ಲಿ 2004ರ ಅಥೆನ್ಸ್ ಒಲಿಂಪಿಕ್ಸ್‌ಗೆ ಹೋಗಿ ಬೆಂಚಿನ ಮೇಲೆ ಕೂತು ಹೆಸರು ಕೆಡಿಸಿಕೊಂಡರಂತೆ. ನಾನಾಗ ಇನ್ನೂ ಸ್ಕೂಲು. ಓಡುವಾಗ ಹಿಂದಕ್ಕೆ ಹಾರುವ ಉದ್ದ ಕೂದಲು ಬಿಟ್ಟರೆ ನನಗೆ ಏನೂ ನೆನಪಿಲ್ಲ. ಹಾಗಾಗಿ ನೋಡಿದವರು, ಆಡಿದವರು ಹೇಳಬೇಕು. ಅಷ್ಟೊತ್ತಿಗೆ ಅವರ ಆಟ ನಿಜಕ್ಕೂ ಮುಗಿದಿತ್ತಾ? ಮುಗಿದಿದ್ದರೂ ಅದರಿಂದ ಹೆಸರಿಗೆ ಏನು ಕುಂದು? ದಯವಿಟ್ಟು ಇಲ್ಲಿಗೂ ಕ್ರಿಕೆಟ್ ತರಬೇಡಿ.

ಲೆಫ್ಟ್ ಹಾಫ್, ಮಂಡ್ಯ

ಕಾಲೇಜು, ಯೂನಿವರ್ಸಿಟಿ ಮಟ್ಟದಲ್ಲಿ ಆಡಿದವನು, ಈಗ ಸಂಜೆ ಹೊತ್ತು ಮಕ್ಕಳಿಗೆ ಹೇಳಿಕೊಡುತ್ತೇನೆ. ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ಹೇಳಿ, ಆದರೆ 2002 ಅನ್ನುವುದನ್ನು ಮಾತ್ರ ನಾನು ಒಪ್ಪೋದಿಲ್ಲ. ಅದೇ ವರ್ಷ ಕೊಲೋನ್‌ನಲ್ಲಿ ನಡೆದ ಚಾಂಪಿಯನ್ಸ್ ಟ್ರೋಫಿಯಲ್ಲಿ ನಮ್ಮದು 4ನೇ ಸ್ಥಾನ, ಆದರೂ ಟೂರ್ನಿಯ ಅತ್ಯುತ್ತಮ ಆಟಗಾರ ಅಂತ ಆರಿಸಿದ್ದು ಧನರಾಜ್ ಅವರನ್ನು. ಆಗ ಅವರಿಗೆ 34. ಮಾರನೇ ವರ್ಷ ಕ್ವಾಲಾಲಂಪುರದಲ್ಲಿ ಪಾಕಿಸ್ತಾನವನ್ನು 4-2ರಿಂದ ಸೋಲಿಸಿ ಏಷ್ಯಾ ಕಪ್ ಗೆದ್ದೆವು. ಭಾರತಕ್ಕೆ ಅದೇ ಮೊದಲ ಏಷ್ಯಾ ಕಪ್, ನಾಯಕ ಇವರೇ. 2002ರಲ್ಲಿ ಮನೆಗೆ ಕಳಿಸಿದ್ದರೆ ಇದು ಎಲ್ಲಿ ಇರುತ್ತಿತ್ತು ಸ್ವಾಮಿ?

ಆಟ ಇಳಿದಿತ್ತಾ ಅಂದರೆ, ಇಳಿದಿತ್ತು. ಸುಳ್ಳು ಹೇಳೋದು ಬೇಡ. ಆದರೆ ಹಾಕಿಯಲ್ಲಿ ಇಳಿಯುವುದು ಹೇಗೆ ಅನ್ನೋದು ಗ್ಯಾಲರಿಯಲ್ಲಿ ಕೂತವರಿಗೆ ಬೇಗ ಗೊತ್ತಾಗಲ್ಲ. ಕೈ ಕೆಡುವುದು ಕೊನೆಗೆ. 50 ದಾಟಿದವರೂ ಸ್ಟಿಕ್ ಹಿಡಿದರೆ ಚೆಂಡು ಹೇಳಿದ ಮಾತು ಕೇಳುತ್ತೆ, ಪಾಸ್ ಎಲ್ಲಿ ಕೊಡಬೇಕು ಅನ್ನೋದು ಹುಡುಗರಿಗಿಂತ ಮೊದಲೇ ಹೊಳೆಯುತ್ತೆ. ಮೊದಲು ಹೋಗುವುದು ನಿಂತಲ್ಲಿಂದ ಚಿಮ್ಮುವ ಆ ಮೊದಲ ನಾಲ್ಕು ಹೆಜ್ಜೆ. ಫಾರ್ವರ್ಡ್ ಆದವನು ಸೊಂಟ ಬಗ್ಗಿಸಿ, ಚೆಂಡು ಮುಂದಿಟ್ಟುಕೊಂಡು, ಹತ್ತು ಮೀಟರ್ ಚಿಮ್ಮಿ, ಗಕ್ಕನೆ ನಿಂತು, ಪಕ್ಕಕ್ಕೆ ತಿರುಗಿ ಮತ್ತೆ ಚಿಮ್ಮಬೇಕು, ಅದೂ ಟರ್ಫ್ ಮೇಲೆ, ಪಂದ್ಯ ಪೂರ್ತಿ. ತೊಡೆಯ ಹಿಂಭಾಗ, ಮಂಡಿ, ಸೊಂಟ ಮೂರೂ ಒಟ್ಟಿಗೆ ಲೆಕ್ಕ ಕೇಳುತ್ತವೆ. 30 ದಾಟಿದ ಮೇಲೆ ಒಂದು ಪಂದ್ಯದ ನೋವು ಮುಂದಿನ ಪಂದ್ಯದ ತನಕ ಉಳಿಯುತ್ತೆ. ಒಲಿಂಪಿಕ್ಸ್‌ನಲ್ಲಿ ಒಂದು ದಿನ ಬಿಟ್ಟು ಒಂದು ದಿನ ಪಂದ್ಯ ಬೇರೆ. ಸಾಲದು ಅಂತ, ಎದುರಾಳಿ ಗೋಲಿನ ಹತ್ತಿರ ಮೊದಲೇ ಹೋಗಿ ನಿಲ್ಲಬಾರದು ಅನ್ನುವ ಆಫ್‌ಸೈಡ್ ನಿಯಮವನ್ನು 90ರ ದಶಕದಲ್ಲಿ ತೆಗೆದರು, ಅಂಗಳ ಹಿಗ್ಗಿದ ಹಾಗಾಯಿತು, ಓಟ ಇನ್ನೂ ಜಾಸ್ತಿಯಾಯಿತು. ಧನರಾಜ್ ಆಟವೆಲ್ಲಾ ನಿಂತಿದ್ದೇ ವೇಗದ ಮೇಲೆ. ನಿಂತು ಆಡುವ ಫಾರ್ವರ್ಡ್ ಆಗಿದ್ದರೆ ಇನ್ನೆರಡು ವರ್ಷ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ.

ಇನ್ನೊಂದು ವಿಷಯ. ಹಾಕಿಯಲ್ಲಿ ಹೊರಗೆ ಹೋದವನು ಮತ್ತೆ ಒಳಗೆ ಬರಬಹುದು, ಎಷ್ಟು ಸಲ ಬೇಕಾದರೂ. ಹಾಗಾಗಿ ವಯಸ್ಸಾದ ಆಟಗಾರನನ್ನು ಐದೈದು ನಿಮಿಷ ಬಿಟ್ಟು ಬಿಟ್ಟು ಆಡಿಸಬಹುದು. ಅಥೆನ್ಸ್‌ನಲ್ಲಿ ಅವರನ್ನು ಕಡಿಮೆ ಹೊತ್ತು ಆಡಿಸಿದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಕೊನೆಯ ಪಂದ್ಯ ನೆನಪು ಮಾಡಿಕೊಳ್ಳಿ. ಕೊರಿಯಾ ಮೇಲೆ, 7ನೇ ಸ್ಥಾನಕ್ಕೆ, 5-2ರಿಂದ ಗೆದ್ದೆವು. ಕಳೆದುಕೊಳ್ಳೋಕೆ ಏನೂ ಇಲ್ಲದ ಪಂದ್ಯ. ಅಲ್ಲೂ ಅವರನ್ನು ಅಂಗಳಕ್ಕೆ ಇಳಿಸಿದ್ದು ಕೊನೇ ಗಳಿಗೆಯಲ್ಲಿ. ಇದು ಯಾವ ತಂತ್ರ, ಯಾರಾದರೂ ತಿಳಿಸಿ. ಒಲಿಂಪಿಕ್ಸ್ ಹತ್ತಿರ ಬಂದಾಗ ಕೋಚ್ ರಾಜಿಂದರ್ ಸಿಂಗ್ ಅವರನ್ನು ತೆಗೆದು ಜರ್ಮನಿಯಿಂದ ಗೆರ್ಹಾರ್ಡ್ ರಾಖ್ ಅವರನ್ನು ತಂದಿದ್ದರು. ತಂಡದ ಗತಿಯೇ ಹಾಗಿರುವಾಗ ಒಬ್ಬ ಆಟಗಾರನ ಮರ್ಯಾದೆ ಬಗ್ಗೆ ಯೋಚಿಸುವವರು ಯಾರು ಬಿಡಿ.

ಮದ್ದೂರ್ ವಡೆ

ಲೆಫ್ಟ್ ಹಾಫ್ ಸಾರ್, ಬರೆದಿದ್ದು ಚೆನ್ನಾಗಿದೆ. ಆದರೆ ನೀವು ಅಭಿಮಾನದಿಂದ ಬರೆದಿದ್ದೀರಿ, ನಾನು ಸ್ವಲ್ಪ ಕಟುವಾಗಿ ಹೇಳುತ್ತೇನೆ. ಅಥೆನ್ಸ್ ತಂಡದಲ್ಲಿ ಗಗನ್ ಅಜಿತ್ ಸಿಂಗ್, ದೀಪಕ್ ಠಾಕೂರ್, ನಮ್ಮ ಅರ್ಜುನ್ ಹಾಲಪ್ಪ ಇದ್ದರು. 2001ರಲ್ಲಿ ಹೋಬಾರ್ಟ್‌ನಲ್ಲಿ ಜೂನಿಯರ್ ವಿಶ್ವಕಪ್ ಗೆದ್ದುಕೊಂಡು ಬಂದ ಹುಡುಗರು. ಅವರು ಬೆಂಚಿನಲ್ಲಿ ಕೂತು ಹಿರಿಯರು ಆಡಲಿ ಅನ್ನಬೇಕಿತ್ತಾ? ಫೇರ್‌ವೆಲ್ ಕೊಡೋಕೆ ಒಲಿಂಪಿಕ್ಸ್ ಏನು ಆಫೀಸಿನ ಬೀಳ್ಕೊಡುಗೆ ಸಮಾರಂಭನಾ, ಹಾರ ಹಾಕಿ ಫೋಟೋ ತೆಗೆಸೋಕೆ? 

ಮತ್ತೆ ಲೆಕ್ಕ ನೋಡಿ. ಅವರು ಆಡಿದ ಒಲಿಂಪಿಕ್ಸ್‌ಗಳಲ್ಲಿ ಭಾರತ 1992ರಲ್ಲಿ 7, 1996ರಲ್ಲಿ 8, 2000ದಲ್ಲಿ 7, 2004ರಲ್ಲಿ ಮತ್ತೆ 7. ನಾಲ್ಕು ಸಲವೂ ಸೆಮಿಫೈನಲ್ ಇಲ್ಲ. ಹುಡುಗ ಕೇಳಿದ್ದರಲ್ಲಿ ಏನು ತಪ್ಪಿದೆ?

ಲೆಫ್ಟ್ ಹಾಫ್, ಮಂಡ್ಯ

ವಡೆಯವರೇ, ಹುಡುಗರನ್ನು ಕೂರಿಸಿ ಅಂತ ನಾನೆಲ್ಲಿ ಹೇಳಿದೆ? ಕೊನೇ ಪಂದ್ಯದ ಮಾತು ಹೇಳಿದೆ ಅಷ್ಟೇ. ಇನ್ನು 7, 8, 7, 7. ಅದು ಒಂದು ದೇಶದ ಹಾಕಿ ಆಡಳಿತದ ಅಂಕಪಟ್ಟಿ ಕಣ್ರೀ, ಒಬ್ಬ ಫಾರ್ವರ್ಡ್‌ದಲ್ಲ. 2000ದ ಸಿಡ್ನಿ ನೆನಪಿದೆಯಾ? ಪೋಲೆಂಡ್ ಮೇಲೆ ಗೆದ್ದರೆ ಸೆಮಿಫೈನಲ್. 1-0 ಮುಂದಿದ್ದೆವು, ಮುಗಿಯೋಕೆ ಎರಡು ನಿಮಿಷವೂ ಇಲ್ಲದಾಗ ಅವರು ಗೋಲು ಹೊಡೆದರು. ಧನರಾಜ್ ಅವತ್ತು ಅತ್ತಿದ್ದನ್ನು ಟಿವಿಯಲ್ಲಿ ನೋಡಿದವರು ಇಲ್ಲಿ ತುಂಬಾ ಜನ ಇರುತ್ತಾರೆ.

1998 ಇನ್ನೂ ಚೆನ್ನಾಗಿದೆ, ಕೇಳಿ. ಬ್ಯಾಂಕಾಕ್ ಏಷ್ಯನ್ ಗೇಮ್ಸ್, 32 ವರ್ಷದ ಮೇಲೆ ಚಿನ್ನ, ನಾಯಕ ಧನರಾಜ್. ಫೈನಲ್‌ನಲ್ಲಿ ಕೊರಿಯಾದ ಪೆನಾಲ್ಟಿ ಸ್ಟ್ರೋಕ್ ತಡೆದು ಗೆಲ್ಲಿಸಿದ್ದು ಬೆಂಗಳೂರಿನ ಆಶಿಶ್ ಬಲ್ಲಾಳ್. ವಾಪಸ್ ಬಂದರು, ಆಟಗಾರರಿಗೆ ಸರಿಯಾಗಿ ದುಡ್ಡು ಕೊಡಿ ಅಂತ ಬಾಯಿ ಬಿಟ್ಟರು. ಮುಂದಿನ ತಂಡದಲ್ಲಿ ಇಬ್ಬರೂ ಇಲ್ಲ, ಜೊತೆಗೆ ಇನ್ನೂ ಕೆಲವರು ಇಲ್ಲ. ವಿಶ್ರಾಂತಿ ಅಂತ ಹೆಸರು! ಕಬ್ಬಿನ ಸಿಪ್ಪೆ ಎಸೆದ ಹಾಗೆ ಎಸೆದರು, ಅದೂ ರಸ ಇನ್ನೂ ಇರುವಾಗಲೇ. ನನ್ನ ಪ್ರಕಾರ ಅಥೆನ್ಸ್‌ನ ಗಂಟು ಬಿದ್ದಿದ್ದೇ ಇಲ್ಲಿ. 30ನೇ ವಯಸ್ಸಿನಲ್ಲಿ ನಿನ್ನ ಕಥೆ ಮುಗೀತು ಅಂತ ಕಳಿಸಿದರು, ಈತ ವಾಪಸ್ ಬಂದು ಇನ್ನೂ ಐದಾರು ವರ್ಷ ಆಡಿ ತೋರಿಸಿದ. ಅದೇ ಜನ 36ರಲ್ಲಿ ಬಂದು ಸಾಕು ಅಂದರೆ ಯಾಕೆ ನಂಬುತ್ತಾನೆ? ನಿಜವಾಗಿಯೂ ಕಾಲು ಸೋತಾಗ ಅದನ್ನು ಹೇಳುವ ನಂಬಿಕೆಯ ಮನುಷ್ಯನೇ ಇರಲಿಲ್ಲ.

ಸರಸ್ವತಿಪುರಂ ಟು ಟೊರೊಂಟೊ

ಬೇರೆ ಹಾಕಿ ತರಬಹುದಾ? ಕ್ರಿಕೆಟ್ ಬೇಡ ಅಂದಿದ್ದೀರಿ, ಐಸ್ ಹಾಕಿ ಬೇಡ ಅಂದಿಲ್ಲ 😄

ಗೋಲಿನ ಲೆಕ್ಕ ಸಿಗಲಿಲ್ಲ ಅಂದಿರಲ್ಲ, ಅದನ್ನು ಓದಿ ಹೊಟ್ಟೆ ಉರಿಯಿತು. ಇಲ್ಲಿ ಅಲೆಕ್ಸಾಂಡರ್ ಒವೆಚ್ಕಿನ್ ಅಂತ ರಷ್ಯಾದವನು, ವಾಷಿಂಗ್ಟನ್ ಕ್ಯಾಪಿಟಲ್ಸ್ ತಂಡ, 1985ರಲ್ಲಿ ಹುಟ್ಟಿದವನು. ಇಲ್ಲಿನ ದೊಡ್ಡ ಲೀಗ್ ಎನ್‌ಎಚ್‌ಎಲ್‌ನಲ್ಲಿ ಹಳೆಯ ಆಟಗಾರ ವೇಯ್ನ್ ಗ್ರೆಟ್ಜ್‌ಕಿಯ ದಾಖಲೆ 894 ಗೋಲು. ಅದನ್ನು ಯಾವಾಗ ಮುರಿಯುತ್ತಾನೆ ಅಂತ ಊರಿಗೆ ಊರೇ ಎಣಿಸುತ್ತಾ ಕೂತಿತ್ತು. 2023-24ರಲ್ಲಿ ಅರ್ಧ ಸೀಸನ್ ಆದರೂ ಇವನ ಗೋಲು ಎರಡಂಕಿ ಮುಟ್ಟಿರಲಿಲ್ಲ. ಪೇಪರ್‌ನವರು, ಟಿವಿಯವರು ಎಲ್ಲಾ ಸೇರಿ ತಿಥಿ ಊಟಕ್ಕೆ ಎಲೆ ಹಾಕಿಬಿಟ್ಟಿದ್ದರು. ಅದೇ ಸೀಸನ್ 31ಕ್ಕೆ ಮುಗಿಸಿದ. ಮುಂದಿನ ಸೀಸನ್‌ನಲ್ಲಿ ಕಾಲು ಮುರಿದುಕೊಂಡು 16 ಪಂದ್ಯ ಹೊರಗಿದ್ದೂ 44 ಗೋಲು ಹೊಡೆದು, 2025ರ ಏಪ್ರಿಲ್ 6ಕ್ಕೆ 895ನೆಯದು ಮುಗಿಸಿದ. ಆಗ ಅವನಿಗೆ 39.

ಲೆಫ್ಟ್ ಹಾಫ್ ಅವರು ಹೇಳಿದ್ದು ಇಲ್ಲೂ ನಿಜ. ಒವೆಚ್ಕಿನ್ ಈಗ ಮೊದಲಿನ ಹಾಗೆ ನುಗ್ಗುವುದಿಲ್ಲ. ಎದುರಾಳಿಗಳಲ್ಲಿ ಒಬ್ಬ ಶಿಕ್ಷೆಗೆ ಹೊರಗೆ ಕೂತಾಗ, ಎಡಗಡೆ ಸರ್ಕಲ್‌ನಲ್ಲಿ ತನ್ನ ಜಾಗದಲ್ಲಿ ನಿಂತು ಕಾಯುತ್ತಾನೆ, ಪಾಸ್ ಬಂದರೆ ಬಾರಿಸುತ್ತಾನೆ. ಅವನು ಅಲ್ಲೇ ನಿಲ್ಲುತ್ತಾನೆ ಅಂತ ಎಲ್ಲರಿಗೂ ಗೊತ್ತು, ಆದರೂ ತಡೆಯೋಕಾಗಲ್ಲ. ಕಾಲು ಬೇಡದ ಕೆಲಸ ಹುಡುಕಿಕೊಂಡ ಅಷ್ಟೇ. ಯರೋಮಿರ್ ಯಾಗರ್ ಅಂತ ಇನ್ನೊಬ್ಬ, 1972ರವನು, ಚೆಕ್ ದೇಶದ ತನ್ನ ಊರು ಕ್ಲಾಡ್ನೊದಲ್ಲಿ ತಂಡದ ಮಾಲೀಕನೇ ಅವನಾಗಿದ್ದ, 50 ದಾಟಿದ ಮೇಲೂ ಆಡಿದ. ಮಾಲೀಕನೇ ಆದಮೇಲೆ ತೆಗೆಯೋರ್ಯಾರು!

ಹೇಳಬೇಕಿದ್ದ ವಿಷಯ ಏನಂದರೆ, ಇಲ್ಲಿ ಪ್ರತಿ ಗೋಲಿಗೂ ದಾಖಲೆ ಇರುವುದರಿಂದ ಒಂದು ಕೆಟ್ಟ ವರ್ಷ ಹಳೆಯದನ್ನು ಅಳಿಸೋಕಾಗಲ್ಲ. ಧನರಾಜ್‌ಗೆ 339 ಪಂದ್ಯ ಅಂತ ಹೇಳುತ್ತಾರೆ, ಗೋಲು ಮಾತ್ರ ಅಂದಾಜು. ಲೆಕ್ಕ ಇಟ್ಟಿಲ್ಲದಿದ್ದರೆ ಕೊನೆಯಲ್ಲಿ ಕಂಡಿದ್ದಷ್ಟೇ ಜನರ ನೆನಪಲ್ಲಿ ಉಳಿಯುತ್ತೆ, ನಿಮ್ಮ ಅಪ್ಪನವರಿಗೆ ಅಥೆನ್ಸ್ ಬೆಂಚು ಉಳಿದ ಹಾಗೆ.

ಒಂಟಿಕೊಪ್ಪಲ್ ಹುಡುಗ, ಮೈಸೂರು

ಏಷ್ಯಾ ಕಪ್ ವಿಷಯ ಅಪ್ಪನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಂಗಾದ್ರೆ 2003ಕ್ಕೆ ನಿಲ್ಲಿಸಬೇಕಿತ್ತು ಅಂದರು. ಒಂದು ವರ್ಷ ಬಿಟ್ಟುಕೊಟ್ಟಿದ್ದಾರೆ, ಅದೇ ದೊಡ್ಡದು. ಲೆಫ್ಟ್ ಹಾಫ್ ಸಾರ್, ಗೋಲ್‌ಕೀಪರ್‌ಗಳಿಗೆ ಈ ಕಾಲಿನ ಲೆಕ್ಕ ಬೇರೆ ಅಲ್ವಾ? ಶ್ರೀಜೇಶ್ 36ರಲ್ಲೂ ಹಂಗೆ ನಿಂತಿದ್ದರಲ್ಲ.

ಲೆಫ್ಟ್ ಹಾಫ್, ಮಂಡ್ಯ

ಪೂರ್ತಿ ಬೇರೆ. ಕೀಪರ್‌ಗೆ ದೂರದ ಓಟ ಇಲ್ಲ, ಜಾಗ ಹಿಡಿಯುವ ಅನುಭವ ವರ್ಷ ವರ್ಷ ಜಾಸ್ತಿಯಾಗುತ್ತೆ. 2024ರ ಪ್ಯಾರಿಸ್ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್‌ನಲ್ಲಿ ನಮ್ಮ ಡಿಫೆಂಡರ್ ಅಮಿತ್ ರೋಹಿದಾಸ್‌ಗೆ 17ನೇ ನಿಮಿಷಕ್ಕೇ ರೆಡ್ ಕಾರ್ಡ್ ಬಿತ್ತು. ಉಳಿದಷ್ಟು ಹೊತ್ತೂ 10 ಜನ ಆಡಿ ಬ್ರಿಟನ್ ಜೊತೆ 1-1, ಶೂಟೌಟ್‌ನಲ್ಲಿ 4-2. ಶ್ರೀಜೇಶ್ ಇಲ್ಲದಿದ್ದರೆ ಅದು ಆಗುತ್ತಿರಲಿಲ್ಲ. ಟೂರ್ನಿಗೆ ಮೊದಲೇ ಇದೇ ಕೊನೆ ಅಂತ ಹೇಳಿದ್ದರು, ಕಂಚು ತಂದರು, ಹಾಕಿ ಇಂಡಿಯಾ ಸಂಸ್ಥೆ ಅವರ 16ನೇ ನಂಬರ್ ಜರ್ಸಿಯನ್ನು ಸೀನಿಯರ್ ತಂಡದಲ್ಲಿ ಇನ್ಯಾರಿಗೂ ಕೊಡಲ್ಲ ಅಂದಿತು. 20 ವರ್ಷದಲ್ಲಿ ಆಡಳಿತ ಸ್ವಲ್ಪ ಕಲಿತಿದೆ ಅಂತ ಒಪ್ಪಲೇಬೇಕು.

ಕುಶಾಲನಗರ ಬಸ್

ಎಲ್ಲರೂ ಧನರಾಜ್‌ರ ಪುಣೆ, ಶ್ರೀಜೇಶ್‌ರ ಕೇರಳ, ಟೊರೊಂಟೊ ಸುತ್ತಿ ಬಂದಿರಿ, ಪಕ್ಕದ ಸೋಮವಾರಪೇಟೆಗೆ ಬರಲೇ ಇಲ್ಲ. ಅಲ್ಲಿಯ ಫಾರ್ವರ್ಡ್ ಎಸ್.ವಿ. ಸುನಿಲ್ ಬಗ್ಗೆ ಯಾರಾದರೂ ಒಂದು ಸಾಲು ಬರೆಯುತ್ತೀರಿ ಅಂತ ಕಾದೆ. 2007ರಿಂದ ಆಡಿದವರು, 264 ಪಂದ್ಯ, 72 ಗೋಲು, 2014ರ ಏಷ್ಯನ್ ಗೇಮ್ಸ್ ಚಿನ್ನ. ಬಲಗಡೆಯಿಂದ ಓಡಿದರೆ ಹಿಡಿಯುವವರೇ ಇರಲಿಲ್ಲ. ಲಂಡನ್, ರಿಯೋ ಎರಡೂ ಒಲಿಂಪಿಕ್ಸ್ ಆಡಿದರು, ಮೆಡಲ್ ಬರಲಿಲ್ಲ. 41 ವರ್ಷದ ಮೇಲೆ ಮೆಡಲ್ ಬಂದ ಟೋಕಿಯೊ ತಂಡದಲ್ಲಿ ಅವರ ಹೆಸರಿಲ್ಲ. ಆಗ 32. ನೀವು ಹೇಳುವ ಆ ಮೊದಲ ನಾಲ್ಕು ಹೆಜ್ಜೆ ನಂಬಿದ ಆಟಗಾರ, ಮಂಡಿ ಗಾಯವೂ ಕಾಡಿತ್ತು. 2021ರ ಅಕ್ಟೋಬರ್‌ನಲ್ಲಿ ನಿವೃತ್ತಿ ಹೇಳಿದರು. ಟೋಕಿಯೊದಲ್ಲಿ ಆಡಿದ್ದ ರೂಪಿಂದರ್, ಲಾಕ್ರಾ ಹಿಂದಿನ ದಿನ ಹೇಳಿದ್ದರು, ಆ ಗಲಾಟೆಯಲ್ಲಿ ಸುನಿಲ್ ಸುದ್ದಿ ಒಂದು ಪ್ಯಾರಾಗೆ ಮುಗಿದುಹೋಯಿತು.

ಆದರೆ 2022ರಲ್ಲಿ ಜಕಾರ್ತಾ ಏಷ್ಯಾ ಕಪ್‌ಗೆ ಹುಡುಗರ ತಂಡ ಕಳಿಸುವಾಗ ಅವರನ್ನೇ ವಾಪಸ್ ಕರೆದರು, ಉಪನಾಯಕ ಮಾಡಿದರು. ಹೋದರು, ಕಂಚು ಗೆದ್ದು ಬಂದರು. ದೊಡ್ಡ ವೇದಿಕೆಗೆ ಬೇಡ ಅಂದವರು ಮಕ್ಕಳನ್ನು ನೋಡಿಕೊಳ್ಳೋಕೆ ಕರೆದರೂ ಹೋಗುವ ಮನಸ್ಸು ಇದೆಯಲ್ಲ, ನನಗೆ ಅದೇ ಜಾಸ್ತಿ ಅನ್ನಿಸುತ್ತೆ.

ಅಂದಹಾಗೆ ವಯಸ್ಸಾದವರು ಆಡಬಾರದು ಅನ್ನುವವರು ಒಂದು ಸಲ ಕೊಡವ ಹಾಕಿ ಹಬ್ಬ ನೋಡಿ ಬನ್ನಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ್ದು, 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳ ತಂಡ ಇತ್ತು. ತಾತ, ಮಗ, ಮೊಮ್ಮಗಳು ಒಂದೇ ಜರ್ಸಿ. ತಾತ ಓಡಲ್ಲ, ನಿಂತಲ್ಲೇ ಕೂಗುತ್ತಾನೆ, ಪಾಸ್ ಮಾತ್ರ ಕರೆಕ್ಟಾಗಿ ಬರುತ್ತೆ.

ಮದ್ದೂರ್ ವಡೆ

ಸುನಿಲ್ ವಿಷಯದಲ್ಲಿ ನನ್ನದೂ ಒಪ್ಪಿಗೆ, ಅಲ್ಲಿ ವಾದ ಮಾಡಲ್ಲ. ಆದರೆ ಸತ್ತ ಜಗಳ ಬಿಟ್ಟು ಬದುಕಿರುವ ಜಗಳಕ್ಕೆ ಬನ್ನಿ. ಮನ್‌ಪ್ರೀತ್ ಸಿಂಗ್. 2011ರಿಂದ ಆಡುತ್ತಿದ್ದಾರೆ, 2025ರ ಜೂನ್‌ನಲ್ಲಿ 400ನೇ ಪಂದ್ಯ ಆಡಿದರು, ಭಾರತದಲ್ಲಿ ಅದಕ್ಕೂ ಮೊದಲು ಅಷ್ಟು ಆಡಿದ್ದವರು ದಿಲೀಪ್ ತಿರ್ಕೆ ಒಬ್ಬರೇ. ಟೋಕಿಯೊ ನಾಯಕ ಇವರೇ, ಹೆಸರಿಗೆ ಇನ್ನೇನೂ ಬೇಕಿಲ್ಲ. ಮಿಡ್‌ಫೀಲ್ಡ್‌ನಲ್ಲಿ ಓಟ ಫಾರ್ವರ್ಡ್‌ಗಿಂತ ಕಡಿಮೆಯೇನಿಲ್ಲ. ಅವರಿಗೆ ಸಾಕು ಅಂತ ಹೇಳೋದು ಯಾರು, ಯಾವಾಗ? ಲೆಫ್ಟ್ ಹಾಫ್ ಸಾರ್, ನಿಮ್ಮದೇ ಪೊಸಿಷನ್ ಪಕ್ಕದವರು, ಈ ಸಲ ಅಭಿಮಾನ ಪಕ್ಕಕ್ಕಿಟ್ಟು ಹೇಳಿ.

ಲೆಫ್ಟ್ ಹಾಫ್, ಮಂಡ್ಯ

ಹೇಳುತ್ತೇನೆ. ಮಿಡ್‌ಫೀಲ್ಡ್‌ನವನು ಒಂದು ಸಾಲು ಹಿಂದೆ ಸರಿಯಬಹುದು, ಡಿಫೆನ್ಸ್‌ನಲ್ಲಿ ನಿಂತು ಆಟ ಓದಿಕೊಂಡು ಪಾಸ್ ಹಂಚಬಹುದು. ಪ್ಯಾರಿಸ್‌ನಲ್ಲಿ ರೋಹಿದಾಸ್ ಹೊರಗೆ ಹೋದಾಗ ಮನ್‌ಪ್ರೀತ್ ಹಿಂದೆ ಬಂದು ಆ ಜಾಗ ತುಂಬಿದ್ದನ್ನು ನೀವೂ ನೋಡಿದ್ದೀರಿ. ಧನರಾಜ್‌ಗೂ ಸುನಿಲ್‌ಗೂ ಹಿಂದೆ ಸರಿಯೋಕೆ ಜಾಗ ಇರಲಿಲ್ಲ, ಇವರಿಗೆ ಇದೆ. ಅಲ್ಲೂ ಒಬ್ಬ 21ರ ಹುಡುಗ ಇವರಿಗಿಂತ ಚೆನ್ನಾಗಿ ಆಡುವ ದಿನ ಬಂದರೆ ಬಿಡಬೇಕು, ತಿರ್ಕೆಯವರ 412 ಪಂದ್ಯ ಮುಟ್ಟಿರಲಿ, 500 ಆಗಿರಲಿ. ಇವತ್ತಿಗೆ ಅಂಥ ಹುಡುಗ ನನ್ನ ಕಣ್ಣಿಗೆ ಬಿದ್ದಿಲ್ಲ. ನಿಮಗೆ ಬಿದ್ದಿದ್ದರೆ ಹೆಸರು ಹೇಳಿ.