ನಟರ ಮುಖಕ್ಕೆ ಬೆಳಕು ಸಾಲದ ಮೂವಿಂಗ್ ಹೆಡ್: ಮುಂದಿನ ಜೋಡಿ ಯಾವುದಿರಬೇಕು?

ಮಲೆನಾಡರಂಗ (ಪ್ರಶ್ನೆ):
ನಮ್ಮದು ಶಿವಮೊಗ್ಗ ಜಿಲ್ಲೆಯ ಒಂದು ಹವ್ಯಾಸಿ ನಾಟಕ ತಂಡ. ವರ್ಷಕ್ಕೆ ಎರಡು ನಾಟಕ ಆಡುತ್ತೇವೆ. ಉಳಿದ ದಿನಗಳಲ್ಲಿ ಅದೇ ದೀಪಗಳನ್ನು ಶಾಲಾ ವಾರ್ಷಿಕೋತ್ಸವ, ಗಣಪತಿ ಪೆಂಡಾಲು, ಆರತಕ್ಷತೆಗಳಿಗೆ ಬಾಡಿಗೆಗೆ ಕೊಟ್ಟು ಖರ್ಚು ಸರಿದೂಗಿಸುತ್ತೇವೆ. ಈಚೆಗೆ 230 ವ್ಯಾಟಿನ ಎರಡು ‘ಶಾರ್ಪಿ’ಗಳನ್ನು (ತಲೆ ತಿರುಗಿಸಿ ಬೇಕಾದತ್ತ ಬೆಳಕು ಬಿಡುವ ಮೂವಿಂಗ್ ಹೆಡ್ ದೀಪಗಳು) ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡೆವು. ಪೆಂಡಾಲಿನಲ್ಲಿ ಹೊಗೆ ಬಿಟ್ಟಾಗ ಕಣ್ಣು ಕೋರೈಸಿದ ಅವು ತಾಲೀಮಿನಲ್ಲಿ ಮಾತ್ರ ಕೈಕೊಟ್ಟವು. 20 ಅಡಿ ದೂರದ ಕಂಬಿಯಿಂದ ಬಿಟ್ಟರೆ ನಟನ ತಲೆ ಮಾತ್ರ ಬೆಳಗುತ್ತದೆ, ಭುಜದಿಂದ ಕೆಳಗೆ ಕತ್ತಲೆ. ನೀಲಿಯಿಂದ ಕೇಸರಿಗೆ ನಿಧಾನವಾಗಿ ಹೊರಳಬೇಕೆಂದರೆ ನಡುವೆ ಹಸಿರು, ಗುಲಾಬಿ ಎಲ್ಲವೂ ಹಾದುಹೋಗುತ್ತವೆ. ಕರೆಂಟ್ ಹೋಗಿ ಮರುಕ್ಷಣವೇ ಬಂದರೂ ದೀಪ ಹತ್ತಿಕೊಳ್ಳಲು ಕೆಲವು ನಿಮಿಷ ಕಾಯಬೇಕಾಯಿತು. ಇದು ದೀಪದ ದೋಷವೋ, ನಮ್ಮ ಸೆಟ್ಟಿಂಗಿನದೋ? ಇನ್ನೊಂದು ಜೋಡಿಗೆ 30,000 ರೂಪಾಯಿ ಮೀಸಲಿಟ್ಟಿದ್ದೇವೆ. ಹೆಚ್ಚು ವ್ಯಾಟಿನದನ್ನು ತಂದರೆ ಸರಿಹೋಗುತ್ತದೆಯೆ?

ಬೆಳಕಿನಕೈ:
ದೀಪ ಕೆಟ್ಟಿಲ್ಲ, ಸೆಟ್ಟಿಂಗೂ ತಪ್ಪಿಲ್ಲ. ನೀವು ಕೊಂಡಿರುವುದು ಗಾಳಿಯಲ್ಲಿ ಕಾಣುವುದಕ್ಕಾಗಿ ಮಾಡಿದ ದೀಪ, ಅದರಿಂದ ಕೇಳುತ್ತಿರುವುದು ಮುಖದ ಮೇಲೆ ಬೀಳುವ ಬೆಳಕು. ‘ಶಾರ್ಪಿ’ ಎಂಬುದು ಮೂಲತಃ ಇಟಲಿಯ ಕ್ಲೇ ಪಾಕಿ ಕಂಪನಿಯ 189 ವ್ಯಾಟಿನ ಒಂದು ಮಾದರಿಯ ಹೆಸರು; ನಮ್ಮ ಕಡೆ ಕಿರಿದಾದ ಬೆಳಕಿನ ಕೋಲು ಬಿಡುವ ಬೀಮ್ ದೀಪಗಳಿಗೆಲ್ಲ ಅದೇ ಹೆಸರು ಅಂಟಿಕೊಂಡಿದೆ. ಬೀಮ್‌ನ ಕೋನ ಹೆಚ್ಚೆಂದರೆ ನಾಲ್ಕು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. 20 ಅಡಿ ದೂರದಲ್ಲಿ ನಾಲ್ಕು ಡಿಗ್ರಿ ಎಂದರೆ ಒಂದೂವರೆ ಅಡಿಗೂ ಕಡಿಮೆ ಅಗಲದ ವೃತ್ತ. ಹತ್ತು ಡಿಗ್ರಿಗೆ ಮೂರೂವರೆ ಅಡಿ, 25 ಡಿಗ್ರಿಗೆ ಸುಮಾರು ಒಂಬತ್ತು ಅಡಿ. ವ್ಯಾಟ್ ಹೆಚ್ಚಿಸಿದರೆ ಆ ಒಂದೂವರೆ ಅಡಿಯೇ ಇನ್ನಷ್ಟು ಉರಿಯುತ್ತದೆ, ಅಷ್ಟೇ.

ಬಣ್ಣದ ತೊಂದರೆಯೂ ಅದರ ಹುಟ್ಟುಗುಣ. ಒಳಗೆ ಬಣ್ಣದ ಗಾಜುಗಳ ಒಂದು ಚಕ್ರವಿದ್ದು, ನೀಲಿಯಿಂದ ಕೇಸರಿಗೆ ಹೋಗಬೇಕಾದರೆ ಅದು ನಡುವಿನ ಗಾಜುಗಳನ್ನು ದಾಟಿಯೇ ತಿರುಗಬೇಕು. ಬಣ್ಣ ಕರಗಿದಂತೆ ಬದಲಾಗಬೇಕಾದರೆ ಕೆಂಪು, ಹಸಿರು, ನೀಲಿ, ಬಿಳಿ ನಾಲ್ಕನ್ನೂ ಒಂದೇ ಮಸೂರದ ಹಿಂದೆ ಬೆರೆಸುವ ‘ಫೋರ್ ಇನ್ ಒನ್’ ಎಲ್‌ಇಡಿಯ ವಾಶ್ (ಬೆಳಕನ್ನು ಅಗಲವಾಗಿ, ಮೃದುವಾಗಿ ಹರಡುವ) ಮೂವಿಂಗ್ ಹೆಡ್ ಬೇಕು. ನಾಲ್ಕು ಬಣ್ಣಗಳಿಗೆ ಬೇರೆ ಬೇರೆ ಮಸೂರವಿರುವ ಅಗ್ಗದ ದೀಪಗಳನ್ನು ಬಿಟ್ಟುಬಿಡಿ, ಅವುಗಳಲ್ಲಿ ನಟನ ನೆರಳಿನ ಅಂಚು ಬಣ್ಣಬಣ್ಣವಾಗಿ ಒಡೆಯುತ್ತದೆ. ಬಿಳಿ ಎಲ್‌ಇಡಿಯ ಮುಂದೆ ಬಣ್ಣದ ಚಕ್ರವಿಟ್ಟ ಚಿಕ್ಕ ಸ್ಪಾಟ್‌ಗಳನ್ನೂ ಅಂಗಡಿಯವರು ತೋರಿಸುತ್ತಾರೆ. ಗೋಬೋ (ಬೆಳಕಿನ ಮುಂದಿಡುವ ಕೊರೆದ ಅಚ್ಚು) ಚಿತ್ತಾರ ಚೆನ್ನಾಗಿ ಬೀಳುತ್ತದೆ, ಆದರೆ ಬಿಳಿ ಎಲ್‌ಇಡಿಯಲ್ಲಿ ಗಾಢ ಕೆಂಪಿನ ಅಂಶ ಕಡಿಮೆಯಾದ್ದರಿಂದ ಕೆಂಪು ಹಾಕಿದೊಡನೆ ರಂಗ ಮಂಕಾಗುತ್ತದೆ.

ಕರೆಂಟಿನ ಮಾತಿಗೆ ಬಂದರೆ, 230ರಲ್ಲಿರುವುದು ಅನಿಲದಲ್ಲಿ ವಿದ್ಯುತ್ ಹಾಯಿಸಿ ಬೆಳಗುವ ಡಿಸ್ಚಾರ್ಜ್ ಲ್ಯಾಂಪ್. ಆರಿದ ಮೇಲೆ ತಣಿಯದೆ ಮತ್ತೆ ಹೊತ್ತಿಕೊಳ್ಳದು. ಮಳೆಗಾಲದ ಮಲೆನಾಡಿನಲ್ಲಿ ನಾಟಕವನ್ನು ಅದರ ಮೇಲೆ ನಿಲ್ಲಿಸುವುದು ನನಗಂತೂ ಧೈರ್ಯದ ಮಾತು. ಎಲ್‌ಇಡಿಯಾದರೆ ತಲೆಯನ್ನೊಮ್ಮೆ ತಿರುಗಿಸಿ ರೀಸೆಟ್ ಆಗಿ ಕೂಡಲೇ ಸಿದ್ಧವಾಗುತ್ತದೆ.

ಅಂಗಡಿಯಲ್ಲಿ ಹೀಗೆ ಪರೀಕ್ಷಿಸಿ. ಡಿಮ್ಮರನ್ನು ಶೇಕಡ ಹತ್ತಕ್ಕೆ ಇಳಿಸಿ ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಚಿತ್ರೀಕರಿಸಿ; ಪಟ್ಟೆಗಳು ಓಡಿದರೆ ಎಲ್‌ಇಡಿ ಮಿಟುಕುವ ವೇಗ ಕಡಿಮೆ ಎಂದರ್ಥ, ಆರತಕ್ಷತೆಯ ವಿಡಿಯೋದವರು ನಿಮ್ಮನ್ನು ಮತ್ತೆ ಕರೆಯುವುದಿಲ್ಲ. ಸೊನ್ನೆಯಿಂದ ಮೆಲ್ಲನೆ ಏರಿಸಿದಾಗ ಬೆಳಕು ಥಟ್ಟನೆ ಜಿಗಿಯಬಾರದು. ಫ್ಯಾನಿನ ಸದ್ದನ್ನು ಅರ್ಧ ಗಂಟೆ ಉರಿಸಿದ ಮೇಲೆ ಕೇಳಿ, ಮೊದಲೇ ಕೇಳಿದರೆ ಎಲ್ಲವೂ ಮೌನಿಗಳೇ. ಕೊನೆಯದಾಗಿ, ಕೆಂಪು ಬಟ್ಟೆಯೊಂದನ್ನು ಜೊತೆಗೆ ಒಯ್ಯಿರಿ: ಬರೀ ನೀಲಿಯಲ್ಲಿ ಅದು ಕಪ್ಪಾಗುವುದು ಸಹಜ, ಆದರೆ ನಾಲ್ಕೂ ಬಣ್ಣ ಬೆರೆಸಿದ ಬಿಳಿಯಲ್ಲಿ ಕೆಂಪಾಗಿಯೇ ಕಾಣಬೇಕು.

ಪೆಂಡಾಲ್ ಮಿತ್ರ:
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಬೀಮ್ ಜೋಡಿಯನ್ನು ಮಾರಬೇಡಿ. ಬಾಡಿಗೆ ತರುವುದು ಅದೇ; ವಾಶ್ ದೀಪವನ್ನು ನೋಡಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಹಲವು 230ರ ಮಾದರಿಗಳಲ್ಲಿ ‘ಫ್ರಾಸ್ಟ್’ ಎಂಬ ಚಾನೆಲ್ (ದೀಪದ ಒಂದೊಂದು ಕೆಲಸವನ್ನು ನಿಯಂತ್ರಿಸುವ ಜಾಗ) ಇರುತ್ತದೆ, ಅದನ್ನು ಹಾಕಿದರೆ ಅಂಚು ಮೃದುವಾಗಿ ವೃತ್ತವೂ ಸ್ವಲ್ಪ ಹಿಗ್ಗುತ್ತದೆ, ಸದ್ಯಕ್ಕೆ ನಡೆಯುತ್ತದೆ. ದೀಪದ ಮೇಲಿನ ಫಲಕದಲ್ಲಿ ಬರೆದಿರುವ ಕನಿಷ್ಠ ಅಂತರವನ್ನು ಮಾತ್ರ ಮರೆಯಬೇಡಿ. ಹತ್ತಿರದ ಪೆಂಡಾಲ್ ಬಟ್ಟೆಯ ಮೇಲೆ ಆ ಬೀಮ್ ನಿಂತರೆ ಬಟ್ಟೆ ಸುಡಬಹುದು.

ಮಲೆನಾಡರಂಗ:
ಇಬ್ಬರಿಗೂ ಕೃತಜ್ಞತೆಗಳು. ಬೀಮ್‌ಗಳನ್ನು ಇಟ್ಟುಕೊಂಡು, ತಲಾ ಹತ್ತು ವ್ಯಾಟಿನ ಏಳು ಎಲ್‌ಇಡಿಗಳಿರುವ ಎರಡು ವಾಶ್‌ಗಳನ್ನು ತಂದಿದ್ದೇವೆ. ಕೋನ 25 ಡಿಗ್ರಿ. ಮುಖ, ಸೀರೆ ಎರಡೂ ಚೆನ್ನಾಗಿ ಕಾಣುತ್ತಿವೆ. ಆದರೆ ಹೊಸ ವಿಚಿತ್ರವೊಂದು ಶುರುವಾಗಿದೆ: ಎರಡನೆಯ ದೀಪವನ್ನು ಎಡಕ್ಕೆ ತಿರುಗಿಸಿದರೆ ಮೊದಲನೆಯದರ ಬಣ್ಣ ಬದಲಾಗುತ್ತದೆ. ಅದಲ್ಲದೆ ಎರಡೂ ಆಗಾಗ ಬೆಚ್ಚಿಬಿದ್ದಂತೆ ಅದುರುತ್ತವೆ. ದೀಪಗಳ ವಿಳಾಸ (ಅವುಗಳ ಮೊದಲ ಚಾನೆಲ್ಲಿನ ಸಂಖ್ಯೆ) 1 ಮತ್ತು 10 ಎಂದು ಕೊಟ್ಟಿದ್ದೇವೆ.

ಬೆಳಕಿನಕೈ:
ಮೆನುವಿನಲ್ಲಿ ದೀಪ ಒಂಬತ್ತು ಚಾನೆಲ್ಲಿನಲ್ಲಿದೆಯೋ, ಹದಿನಾಲ್ಕರಲ್ಲಿದೆಯೋ ನೋಡಿ. ಹದಿನಾಲ್ಕಾದರೆ ಮೊದಲ ದೀಪ 1ರಿಂದ 14ರವರೆಗಿನ ಜಾಗವನ್ನು ಹಿಡಿದಿರುತ್ತದೆ, ನೀವು ಎರಡನೆಯದನ್ನು ಅದರ ಮಡಿಲಲ್ಲೇ ಕೂರಿಸಿದ್ದೀರಿ. ಎರಡನೆಯದರ ವಿಳಾಸವನ್ನು 15 ಮಾಡಿ, ದೀಪಗಳನ್ನು ನಡೆಸುವ ಕನ್ಸೋಲಿನಲ್ಲೂ ಹದಿನಾಲ್ಕು ಚಾನೆಲ್ಲಿನ ಪಟ್ಟಿಯನ್ನೇ ಆರಿಸಿ. ಒಂಬತ್ತಕ್ಕೆ ಇಳಿಸುವುದು ಸುಲಭದ ದಾರಿ ಎನಿಸಬಹುದು, ಆದರೆ ಚಿಕ್ಕ ಮೋಡಿನಲ್ಲಿ ಸಾಮಾನ್ಯವಾಗಿ ಸೂಕ್ಷ್ಮ ಚಲನೆಯ ಚಾನೆಲ್ಲುಗಳೇ ಬಿಟ್ಟುಹೋಗುವುದರಿಂದ ನಿಧಾನವಾಗಿ ತಿರುಗಿಸಿದಾಗ ತಲೆ ಮೆಟ್ಟಿಲು ಮೆಟ್ಟಿಲಾಗಿ ಚಲಿಸುತ್ತದೆ.

ಅದುರುವುದು ಬೇರೆ ರೋಗ. ಮೈಕ್ ಕೇಬಲ್ ಹಾಕಿದ್ದೀರೆಂದು ಊಹಿಸುತ್ತೇನೆ. ಪ್ಲಗ್ ಹೊಂದಿಕೊಂಡ ಮಾತ್ರಕ್ಕೆ ಅದು ಡಿಎಂಎಕ್ಸ್ (ಕನ್ಸೋಲಿನಿಂದ ದೀಪಗಳಿಗೆ ಹೋಗುವ ಸಂಕೇತ) ಕೇಬಲ್ ಆಗುವುದಿಲ್ಲ. ಡಿಎಂಎಕ್ಸ್‌ಗೆ 120 ಓಮ್ ಇಂಪೀಡೆನ್ಸಿನ (ಸಂಕೇತಕ್ಕೆ ಒಡ್ಡುವ ತಡೆಯ) ತಂತಿ ಬೇಕು. ಸಾಲಿನ ಕೊನೆಯ ದೀಪದ ಔಟ್‌ಪುಟ್ಟಿನಲ್ಲಿ 2 ಮತ್ತು 3ನೆಯ ಪಿನ್‌ಗಳ ನಡುವೆ 120 ಓಮ್‌ನ ರೆಸಿಸ್ಟರ್ ಬೆಸುಗೆ ಹಾಕಿದ ಪ್ಲಗ್ಗೊಂದನ್ನು ಸಿಕ್ಕಿಸಿ. ಅದಿಲ್ಲದಿದ್ದರೆ ಸಂಕೇತ ತುದಿಗೆ ಬಡಿದು ಹಿಂದಿರುಗಿ, ಮುಂದೆ ಬರುತ್ತಿರುವುದನ್ನೇ ಕೆಡಿಸುತ್ತದೆ.

ಮಲೆನಾಡರಂಗ:
ಹದಿನಾಲ್ಕರಲ್ಲೇ ಇತ್ತು. ವಿಳಾಸ 15 ಮಾಡಿದೊಡನೆ ಬಣ್ಣದ ಗೊಂದಲ ನಿಂತಿತು. ಕೇಬಲ್ ಮೈಕಿನದೇ ಎಂಬ ಊಹೆಯೂ ನಿಜ. ರೆಸಿಸ್ಟರ್ ಪ್ಲಗ್ ಹಾಕಿದ ಮೇಲೆ ಅದುರುವುದು ಬಹಳ ಕಡಿಮೆಯಾಯಿತು, ಕೇಬಲ್ ಬದಲಿಸಿದ ಮೇಲೆ ಪೂರ್ತಿ ನಿಂತಿತು. ನಿನ್ನೆ ಎರಡು ಗಂಟೆಯ ತಾಲೀಮಿನಲ್ಲಿ ಕರೆಂಟ್ ಮೂರು ಸಲ ಹೋಗಿ ಬಂತು. ವಾಶ್‌ಗಳು ಪ್ರತಿ ಸಲವೂ ನಟರು ಮಾತು ಮರೆಯುವ ಮೊದಲೇ ಹೊತ್ತಿಕೊಂಡವು.