ನ್ಯಾಯದೇವತೆಗೆ ಪರದೆ ಬೇಕಿತ್ತಾ?

ಇಜ್ಜಲು: 2002ರಲ್ಲಿ ವಾಷಿಂಗ್ಟನ್ನಿನ ನ್ಯಾಯ ಇಲಾಖೆಯ ಸಭಾಂಗಣದಲ್ಲಿ ‘ಸ್ಪಿರಿಟ್ ಆಫ್ ಜಸ್ಟಿಸ್’ ಪ್ರತಿಮೆಗೆ ಪರದೆ ಕಟ್ಟಿದರು. ಖರ್ಚು ಸುಮಾರು 8,000 ಡಾಲರ್. ಅಮೃತಶಿಲೆಯ ಹೆಂಗಸಿನ ಒಂದು ಎದೆ ಕಂಡರೆ ಸರ್ಕಾರ ಉರುಳಿಬೀಳುತ್ತಾ?

ಹಳೇಕನ್ನಡಕ: ಅಮೃತಶಿಲೆ ಅಲ್ಲ ಸ್ವಾಮಿ, ಅಲ್ಯೂಮಿನಿಯಂ.

ಗೃಹಸ್ಥ: ಮ್ಯೂಸಿಯಂಗೆ ಬೇಕು ಅಂತಲೇ ಹೋಗ್ತೀವಿ. ಸರ್ಕಾರಿ ಕಟ್ಟಡಕ್ಕೆ ಕೆಲಸ ಇದ್ದು ಹೋಗೋದು. ಅಲ್ಲಿ ನೋಡದೇ ಇರೋಕೆ ಆಗಲ್ಲ.

ಮಳೆಬಿಲ್ಲು: “ಬೇಕು ಅಂತಲೇ” ಅಂತೆ! 2016ರಲ್ಲಿ ಇರಾನಿನ ಅಧ್ಯಕ್ಷ ರೂಹಾನಿ ಬರ್ತಾರೆ ಅಂತ ರೋಮಿನ ಕ್ಯಾಪಿಟೋಲೈನ್ ಮ್ಯೂಸಿಯಂನಲ್ಲೇ ಬೆತ್ತಲೆ ಪ್ರತಿಮೆಗಳಿಗೆ ಬಿಳಿ ಹಲಗೆ ಅಡ್ಡ ಇಟ್ಟರು. ಅದು ಮ್ಯೂಸಿಯಂ ತಾನೆ?

ಇಜ್ಜಲು: @ಹಳೇಕನ್ನಡಕ, ಕಲ್ಲಾದರೇನು ಲೋಹವಾದರೇನು? ವಿಷಯಕ್ಕೆ ಬನ್ನಿ.

ಹಳೇಕನ್ನಡಕ: “ಆದರೇನು”? 1930ರ ದಶಕದ ಆ ಕಟ್ಟಡದಲ್ಲಿ ಕಂಚಿನ ಬದಲು ಬಾಗಿಲು, ದೀಪ, ಕಂಬಿ ಎಲ್ಲದಕ್ಕೂ ಅಲ್ಯೂಮಿನಿಯಂ ಹಾಕಿದ್ದೇ ಅದರ ವಿಶೇಷ. ಯಾವುದರಿಂದ ಮಾಡಿದ್ದು ಅಂತಲೇ ಗೊತ್ತಿಲ್ಲದವರು ಕಲೆಯ ವಕಾಲತ್ತಿಗೆ ನಿಂತಿದ್ದೀರಿ.

ಇಜ್ಜಲು: ನಾನು ಗುಜರಿ ವ್ಯಾಪಾರಿ ಅಲ್ಲ ಕಣ್ರೀ, ತೂಕ ಹಾಕಿ ಲೋಹ ಹೇಳೋಕೆ.

ಮಳೆಬಿಲ್ಲು: ಹೆಣ್ಣಿನ ಮೈ ಅಂದ್ರೆ ಮಾತ್ರ ಇವರಿಗೆ ಮುಜುಗರ.

ಗೃಹಸ್ಥ: ಸುಳ್ಳು. ಜೊತೆಗಿದ್ದ ಗಂಡಿನ ಪ್ರತಿಮೆಗೂ ಪರದೆ ಬಿತ್ತು. ನ್ಯಾಯ ಇಲಾಖೆಯ ಆಗಿನ ಮುಖ್ಯಸ್ಥ ಆಶ್‌ಕ್ರಾಫ್ಟ್ ಹೇಳಿ ಹಾಕಿಸಿದ್ದೂ ಅಲ್ಲ ಅಂತ ಇಲಾಖೆಯೇ ಹೇಳಿದೆ. ಕಾರ್ಯಕ್ರಮಕ್ಕೆ ಹಿನ್ನೆಲೆ ಚೆನ್ನಾಗಿ ಕಾಣಲಿ ಅಂತ ಹಾಕಿದ್ದು.

ಮಳೆಬಿಲ್ಲು: “ಇಲಾಖೆಯೇ ಹೇಳಿದೆ” 😂 ಕಳ್ಳನ ಮನೆಗೆ ಹೋಗಿ ಕಳ್ಳ ಇದ್ದಾನಾ ಅಂತ ಕೇಳಿದ ಹಾಗಾಯ್ತು.

ತೂಗುಸೇತುವೆ: ಹೊಸದೇನಲ್ಲ ಬಿಡಿ. ಮೈಕೆಲೆಂಜೆಲೊ ಸತ್ತ ಮರುವರ್ಷವೇ, 1565ರಲ್ಲಿ, ಸಿಸ್ಟೈನ್ ಚಾಪೆಲಿನ ‘ಕೊನೆಯ ತೀರ್ಪು’ ಚಿತ್ರದ ಬೆತ್ತಲೆ ಮೈಗಳಿಗೆ ದಾನಿಯೆಲೆ ದ ವೋಲ್ತೆರಾ ಬಟ್ಟೆ ಬಳಿದ. ಜನ ಅವನಿಗೆ ‘ಚಡ್ಡಿ ಹೊಲಿಯುವವನು’ ಅಂತಲೇ ಹೆಸರಿಟ್ಟರು. ಬಳಿದ ಬಣ್ಣ ಪರದೆಯಂತೆ ಸರಿಸೋಕಾಗಲ್ಲ.

ಗೃಹಸ್ಥ: ನೀವೇ ಹೇಳಿದಿರಿ, ಪರದೆ ಸರಿಸಬಹುದು! 2005ರಲ್ಲಿ ತೆಗೆದೂ ಆಯ್ತು. ಯಾರ ಗಂಟು ಹೋಯ್ತು?

ತೂಗುಸೇತುವೆ: ನಾನು ಹೇಳಿದ್ದು ಅದಕ್ಕಲ್ಲ.

ಮಳೆಬಿಲ್ಲು: ಗಂಟು? 8,000 ಡಾಲರ್ ತೆರಿಗೆ ಹಣ.

ಗೃಹಸ್ಥ: ಮೊದಲು ಪ್ರತಿ ಕಾರ್ಯಕ್ರಮಕ್ಕೂ ಬಾಡಿಗೆ ಪರದೆ ತರಿಸ್ತಿದ್ರು. ಕೊಂಡಿದ್ದು ಉಳಿತಾಯಕ್ಕೆ.

ಮಳೆಬಿಲ್ಲು: ಅಂದ್ರೆ ಮುಚ್ಚೋ ಚಾಳಿ ಮುಂಚಿನದೇ! ಥ್ಯಾಂಕ್ಸ್.

ಹಳೇಕನ್ನಡಕ: ಮೊದಲ ಸಾಲು ಇನ್ನೂ ತಿದ್ದಿಲ್ಲ.

ಇಜ್ಜಲು: ಅಯ್ಯೋ ಮಾರಾಯ್ರೇ, ತಿದ್ದಿದೆ. ‘ಲೋಹದ ಹೆಂಗಸು’ ಅಂತ ಹಾಕಿದೀನಿ. ಸಮಾಧಾನವಾ?

ಹಳೇಕನ್ನಡಕ: ಯಾವ ಲೋಹ?