ಚಿಪ್ಪಿನ ಪುಡಿ ಹಾಕಿದ ಮಡಕೆ ಮಳೆಗೆ ಉದುರುತ್ತಿದೆ, ಕ್ಯಾಡೊ ಜನ ಹೇಗೆ ಸುಡುತ್ತಾರೆ?

ಮಣ್ಣುಕೈ (ಬದಿಯಡ್ಕ):
ಅಮೆರಿಕದ ಕ್ಯಾಡೊ ಬುಡಕಟ್ಟಿನ ಚೇಸ್ ಅರ್ಲ್ಸ್ ಮಾಡುವ ಮಡಕೆಗಳ ಫೋಟೋ ನೋಡಿ ಮರುಳು ಹಿಡಿದಿದೆ. ಹಳೇ ಕಾಲದ ಹೊಳಪು, ಮೈತುಂಬ ಸುರುಳಿ ಗೀರು, ಆದರೆ ಕೆಲವು ಆಕಾರ ಮಾತ್ರ ಸೀದಾ ಸೈನ್ಸ್ ಫಿಕ್ಷನ್‌ನಿಂದ ಎದ್ದು ಬಂದ ಹಾಗೆ. ನಾನೂ ಒಂದು ರಾಕೆಟ್ ಮಾಡಿದೆ, ಚಕ್ರ ಇಲ್ಲದೆ ಮಣ್ಣಿನ ಬತ್ತಿ ಸುತ್ತಿ ಸುತ್ತಿ. ಅವರು ಮಣ್ಣಿಗೆ ಚಿಪ್ಪಿನ ಪುಡಿ ಹಾಕುತ್ತಾರೆ ಅಂತ ಓದಿದ್ದೆ, ಹಾಗಾಗಿ ಸಾರಿಗೆ ತಂದ ಮರುವಾಯಿಯ ಚಿಪ್ಪು ಕುಟ್ಟಿ ಬೆರೆಸಿ ಅಂಗಳದಲ್ಲೇ ಗೆರಟೆ ರಾಶಿ ಹಾಕಿ ಸುಟ್ಟೆ. ಚೆಂದವೇ ಬಂತು. ನಾಲ್ಕು ದಿನ ಮಳೆ ಹೊಯ್ದ ಮೇಲೆ ನೋಡಿದರೆ ಬಿಳಿ ಚುಕ್ಕೆ, ಹೊರಮೈ ಹಪ್ಪಳದ ಹಾಗೆ ಎದ್ದು ಉದುರುತ್ತಿದೆ. ಎಲ್ಲಿ ತಪ್ಪಿದೆ? ರಾಕೆಟ್ ಮಾಡಿದರೆ ಅದೆಂತ ಸಂಪ್ರದಾಯ ಅಂತ ಅಪ್ಪನ ತಮಾಷೆ ಬೇರೆ.

ಕಡಲಕರೆ (ಕುಂಬಳೆ):
ನೀವು ಸುಟ್ಟದ್ದು ಮಡಕೆ ಅಲ್ಲ ಮಾರಾಯ್ರೆ, ಸುಣ್ಣ! ಎಲೆ ಅಡಿಕೆಗೆ ಚಿಪ್ಪಿನ ಸುಣ್ಣ ಮಾಡುವುದೂ ಹೀಗೇ ಅಲ್ವಾ? ಬಿಸಿ 700 ಡಿಗ್ರಿ ಸೆಲ್ಸಿಯಸ್ ದಾಟುತ್ತಾ ಹೋದ ಹಾಗೆ ಚಿಪ್ಪು ಸುಣ್ಣವಾಗತೊಡಗುತ್ತದೆ, ಆಮೇಲೆ ಗಾಳಿಯ ತೇವ ಹೀರಿ ಉಬ್ಬಿ ಮಣ್ಣನ್ನು ಒಳಗಿಂದಲೇ ಒಡೆಯುತ್ತದೆ. ಗೆರಟೆ ಬೆಂಕಿ ಅಂದರೆ ಸುಮ್ನೆನಾ? ಕಟ್ಟಿಗೆ ಹಾಕಿ ನಿಧಾನಕ್ಕೆ ಸುಡಿ, ಬಿಸಿ ಏರಲು ಬಿಡಬೇಡಿ. ಮಣ್ಣಿಗೆ ಸ್ವಲ್ಪ ಉಪ್ಪುನೀರು ಬೆರೆಸಿದರೂ ಈ ಕಾಟ ಕಡಿಮೆ. ಕ್ಯಾಡೊ ಜನ ಹಿಂದೆ ಚಿಪ್ಪೊಂದನ್ನೇ ನಂಬಿಕೊಂಡಿರಲಿಲ್ಲ, ಹಳೇ ಮಡಕೆಯ ಚೂರು, ಎಲುಬಿನ ಪುಡಿಯನ್ನೂ ಹಾಕುತ್ತಿದ್ದರು. ನಮಗೆ ಒಡೆದ ಹೆಂಚಿಗೇನು ಬರವಾ? ಅದನ್ನೇ ಪುಡಿ ಮಾಡಿ ಹಾಕಿ. ಹಸಿ ಮಡಕೆ ಅರ್ಧ ಒಣಗಿದಾಗ ನುಣುಪು ಕಲ್ಲಿನಿಂದ ಉಜ್ಜಿದರೆ ಹೊಳಪು ಬರುತ್ತದೆ. ಅವರು ಗೀರಿದ ಗೆರೆಗೆ ಕೆಮ್ಮಣ್ಣು ತಿಕ್ಕುವುದೂ ಉಂಟು.

ಮಧೂರು ಮಾಣಿ:
ಅಪ್ಪನಿಗೆ ಇದನ್ನು ಹೇಳಿ. 1859ರಲ್ಲಿ ಕ್ಯಾಡೊ ಜನರನ್ನು ಟೆಕ್ಸಾಸ್‌ನಿಂದ ಎಬ್ಬಿಸಿ ಈಗಿನ ಒಕ್ಲಹೋಮಕ್ಕೆ ಕಳಿಸಿದರು. ಮಡಕೆ ಮಾಡುವ ವಿದ್ಯೆಯೂ ಕೈತಪ್ಪಿತು. 1990ರ ದಶಕದಲ್ಲಿ ಜೆರೆಲ್ಡೀನ್ ರೆಡ್‌ಕಾರ್ನ್ ಎಂಬ ಕ್ಯಾಡೊ ಹೆಂಗಸು ಮ್ಯೂಸಿಯಂನಲ್ಲಿದ್ದ ಪೂರ್ವಿಕರ ಮಡಕೆ ನೋಡಿ, ತಾನೇ ಕಲಿತು ಮತ್ತೆ ಶುರು ಮಾಡಿದರು. 2009ರಲ್ಲಿ ಅವರದೊಂದು ಮಡಕೆ ಒಬಾಮಾ ಅವರ ಓವಲ್ ಆಫೀಸಿನಲ್ಲೇ ಕೂತಿತ್ತು. ಪ್ರಾಣಿಯ ಆಕಾರದ ಮಡಕೆ ಅವರಲ್ಲಿ ಮೊದಲೇ ಇತ್ತು, ಅರ್ಲ್ಸ್ ಕೂಡ ಅಲ್ಲಿನ ಗಾರ್ ಮೀನನ್ನು ಮಡಕೆಯಾಗಿ ಮಾಡಿದ್ದಾರೆ. ಮೀನು ಆಗುತ್ತದಾದರೆ ರಾಕೆಟ್ ಯಾಕಾಗಬಾರದು? ಮೇಳದವರು ಹೊಸ ಪ್ರಸಂಗ ಆಡಿದರೆ ಚೆಂಡೆ ಬದಲಾಗುತ್ತದಾ?

ಒಲೆಬೂದಿ:
ಮಾಣಿ, ಆ ಮಾತು ಅರ್ಲ್ಸ್‌ಗೆ ಸರಿ, ಬದಿಯಡ್ಕದವರಿಗೆ ಅಲ್ಲ. ಆ ಸುರುಳಿ ಅವರ ಅಜ್ಜಿಯಂದಿರದ್ದು. ಕಲಿಯಲು ಗೀರಿದರೆ ಅಡ್ಡಿಯಿಲ್ಲ, ಕ್ಯಾಡೊ ಮಡಕೆ ಅಂತ ಮಾರಿದರೆ ಮೋಸ. ಬೇರೆಯವರು ಮಾಡಿದ್ದನ್ನು ಮೂಲನಿವಾಸಿಗಳದ್ದು ಅಂತ ಮಾರದ ಹಾಗೆ ಅಮೆರಿಕದಲ್ಲಿ 1990ರಲ್ಲೇ ಕಾಯಿದೆ ಬಂದಿದೆ. ನಿಮ್ಮ ರಾಕೆಟ್‌ಗೆ ಅಂಗಳದ ರಂಗೋಲಿ ಸಾಲದಾ?

ಮಣ್ಣುಕೈ (ಬದಿಯಡ್ಕ):
ಮಾರುವ ಅವಸ್ಥೆಯಲ್ಲಿ ರಾಕೆಟ್ ಇಲ್ಲ, ಮೂತಿ ನಿನ್ನೆಯೇ ಬಿತ್ತು. ಹೆಂಚು ಕುಟ್ಟುತ್ತಿದ್ದೇನೆ. ಅಮ್ಮ ಕೊಟ್ಟಿಗೆಯ ಮಾಡಿನ ಹೆಂಚು ಎಣಿಸಿ ಹೋಗಿದ್ದಾರೆ.